ಹಳೇ ಹಾರ್ಡ್ ಡಿಸ್ಕ್ ಫಾರ್ಮ್ಯಾಟ್ ಮಾಡುವ ಮೊದಲು ಒಂದು ನಿಮಿಷ

"ಹಳೇ ಹಾರ್ಡ್ ಡಿಸ್ಕನ್ನು ಹೊಸ ಕಂಪ್ಯೂಟರಿಗೆ ಹಾಕಿದರೆ ಮೊದಲು ಫಾರ್ಮ್ಯಾಟ್ ಮಾಡಲೇಬೇಕು, ಇಲ್ಲದಿದ್ದರೆ ಓದುವುದಿಲ್ಲ" ಅನ್ನುವ ಮಾತು ಓಡಾಡುತ್ತಿದೆ. ತಪ್ಪು. ಫಾರ್ಮ್ಯಾಟ್ ಅಂದರೆ ಡಿಸ್ಕನ್ನು ಖಾಲಿ ಮಾಡುವುದು. ಹಾಗೆ ಮಾಡಿದರೆ ಅದರಲ್ಲಿರುವ ಹಳೇ ಫೋಟೋಗಳೇ ಹೋಗುತ್ತವೆ, ಆಮೇಲೆ ಹೊಸ ಕಂಪ್ಯೂಟರಿಗೆ ಸಾಗಿಸೋದು ಏನನ್ನು?

ವಿಂಡೋಸ್ ಎಕ್ಸ್‌ಪಿ ಕಾಲದ ಎನ್‌ಟಿಎಫ್‌ಎಸ್ (ವಿಂಡೋಸ್ ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಡುವ ಪದ್ಧತಿ) ಡಿಸ್ಕನ್ನೂ ವಿಂಡೋಸ್ 11 ಹಾಗೇ ಓದುತ್ತದೆ. ಸಾಟಾ (ಡಿಸ್ಕನ್ನು ಕಂಪ್ಯೂಟರಿಗೆ ಜೋಡಿಸುವ ಒಂದು ಬಗೆಯ ಕನೆಕ್ಟರ್) ಇರುವ ಡಿಸ್ಕಾದರೆ ಯುಎಸ್‌ಬಿಗೆ ಹಾಕುವ ಒಂದು ಕೇಬಲ್ ಸಾಕು, ಲ್ಯಾಪ್‌ಟಾಪಿನ 2.5 ಇಂಚಿನದು ಸಾಮಾನ್ಯವಾಗಿ ಯುಎಸ್‌ಬಿ ಕರೆಂಟಿನಲ್ಲೇ ಓಡುತ್ತದೆ, ಡೆಸ್ಕ್‌ಟಾಪಿನ 3.5 ಇಂಚಿನದಕ್ಕೆ ಮಾತ್ರ 12 ವೋಲ್ಟಿನ ಅಡಾಪ್ಟರ್ ಬೇರೆ ಬೇಕು. ಫೋಲ್ಡರಿಗೆ ಅನುಮತಿ ಇಲ್ಲ ಅಂದರೆ ಹೆದರಬೇಡಿ, ಅಡ್ಮಿನ್ (ಕಂಪ್ಯೂಟರಿನ ಪೂರ್ಣ ಅಧಿಕಾರವಿರುವ) ಖಾತೆಯಲ್ಲಿದ್ದು 'ಕಂಟಿನ್ಯೂ' ಒತ್ತಿ. ಕಂಪ್ಯೂಟರೇ "ಫಾರ್ಮ್ಯಾಟ್ ಮಾಡಲಾ?" ಅಂತ ಕೇಳಿದರೂ 'ಕ್ಯಾನ್ಸಲ್' ಒತ್ತಿ. ಡಿಸ್ಕ್ ಕೆಟ್ಟಿರಬಹುದು, ಇಲ್ಲವೇ ಅದು ಮ್ಯಾಕ್ ಅಥವಾ ಲಿನಕ್ಸಿನದಾಗಿರಬಹುದು, ಅಷ್ಟೇ.

ಇನ್ನೊಂದು ಗೊಂದಲ ನಮ್ಮವರದ್ದೇ. 'ನುಡಿ', 'ಬರಹ' ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ ಹಳೇ ಕಡತ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ, ಸುಮ್ನೆ 'ವೈರಸ್' ಅಂತ ಅಳಿಸಿಬಿಡುತ್ತಾರೆ. ಅದು ಯೂನಿಕೋಡ್ (ಎಲ್ಲಾ ಕಂಪ್ಯೂಟರುಗಳೂ ಒಂದೇ ರೀತಿ ಓದುವ ಅಕ್ಷರ ಸಂಕೇತ) ಅಲ್ಲದ ಹಳೇ ಫಾಂಟಿನ ಕಡತ. ಆ ಫಾಂಟ್ ಹಾಕಿಕೊಂಡರೆ ಕನ್ನಡ ವಾಪಸ್ ಬರುತ್ತದೆ.

ಹಾಂ, 'ಪ್ರೋಗ್ರಾಂ ಫೈಲ್ಸ್' ಫೋಲ್ಡರ್ ಕಾಪಿ ಮಾಡಿದರೆ ಮಾತ್ರ ಜಾಸ್ತಿ ಪ್ರಯೋಜನವಿಲ್ಲ, ಸಾಫ್ಟ್‌ವೇರ್ ಹೊಸದಾಗಿಯೇ ಹಾಕಿಕೊಳ್ಳಬೇಕು.