ಹಕ್ಕಿ ಹಾಕಿದವರನ್ನು ಹೊರಗೆ ಹಾಕಿದ್ದು ಸರಿಯೇ!

ಹಕ್ಕಿ ನೋಡುವವರ ವಾಟ್ಸಾಪ್ ಗುಂಪಿನಲ್ಲಿ ಹಕ್ಕಿ ಫೋಟೊ ಹಾಕಿದ್ದಕ್ಕೆ ಒಬ್ಬರನ್ನು ತೆಗೆದರಲ್ಲ, ಆ ವಿಚಾರ ನಿಮಗೂ ಬಂದಿರುತ್ತದೆ. ತುಮಕೂರಿನಲ್ಲಿ ಆ ಸ್ಕ್ರೀನ್‌ಶಾಟ್ ಬರದ ಮೊಬೈಲ್ ಇಲ್ಲ. ಬಿ.ಎಚ್. ರಸ್ತೆಯ ಟೀ ಅಂಗಡಿಗಳಲ್ಲಿ ವಾರವೆಲ್ಲ ಅದೇ ಮಾತು. ಗೊತ್ತಿಲ್ಲದವರು ಪಕ್ಕದವರನ್ನು ಕೇಳಿಕೊಳ್ಳಿ.

ತೆಗೆದದ್ದು ಸರಿ ಅಂತಲೇ ನನ್ನ ವಾದ. ಆ ಹೊತ್ತಿಗೆ ಗುಂಪಿನಲ್ಲಿ ಯಾರದೋ ಭಾವನ ಚಿಕ್ಕಪ್ಪ ತೀರಿಕೊಂಡ ಸುದ್ದಿಗೆ ‘ಓಂ ಶಾಂತಿ’ ನಡೆಯುತ್ತಿತ್ತು. ಒಂದರ ಹಿಂದೆ ಒಂದು, ಸಾಲು ತಪ್ಪದೆ. ಮಧ್ಯದಲ್ಲಿ ಈ ಮನುಷ್ಯ ದೇವರಾಯನದುರ್ಗದ ಬಂಡೆ ಮೇಲೆ ಕೂತ ಹಳದಿ ಕೊರಳಿನ ಪಿಕಳಾರದ ಫೋಟೊ ಹಾಕಿದರು. ಕೆಳಗೆ ಜಾಗ, ಸಮಯ, ‘ಜೋಡಿ ಇತ್ತು’ ಅಂತ ಒಂದು ಸಾಲು. ಹಿಂದೆ ಬರುತ್ತಿದ್ದವರಿಗೆ ಬ್ರೇಕ್ ಹಾಕಲು ಆಗಲಿಲ್ಲ. ಪಿಕಳಾರದ ಕೆಳಗೂ ‘ಓಂ ಶಾಂತಿ’. ಕೈಮುಗಿದ ಗುರುತು. ‘ಕುಟುಂಬಕ್ಕೆ ದುಃಖ ಭರಿಸುವ ಶಕ್ತಿಯನ್ನು ಭಗವಂತ ಕೊಡಲಿ.’ ಒಬ್ಬರಂತೂ ‘ತುಂಬಾ ಒಳ್ಳೆ ವ್ಯಕ್ತಿ, ಹೋದ ತಿಂಗಳು ಸಿಕ್ಕಿದ್ದರು’ ಅಂದರು. ಅಡ್ಮಿನ್ ಸಾಹೇಬರು ಬಂದು ‘ಸಂದರ್ಭ ನೋಡಿ ಪೋಸ್ಟ್ ಹಾಕಿ, ಇಲ್ಲಿ ಹಿರಿಯರಿದ್ದಾರೆ’ ಅಂತ ಎಚ್ಚರಿಸಿದರು. ‘ಇದು ಹಕ್ಕಿ ಗುಂಪಲ್ವಾ ಸಾರ್?’ ಅಂತ ಆ ಮನುಷ್ಯ ಕೇಳಿದರು. ಕೇಳಬಾರದಿತ್ತು. ಐದು ನಿಮಿಷದಲ್ಲಿ ಹೊರಗಿದ್ದರು.

ಅಂದಹಾಗೆ ಈ ಪಿಕಳಾರ ದಕ್ಷಿಣ ಭಾರತದ ಕಲ್ಲುಗುಡ್ಡ, ಕುರುಚಲು ಕಾಡು ಬಿಟ್ಟು ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ನಮ್ಮ ದೇವರಾಯನದುರ್ಗ, ಆ ಕಡೆ ನಂದಿಬೆಟ್ಟ, ಇಂಥ ಕಡೆ ಮಾತ್ರ. ಅಪಾಯದಲ್ಲಿರುವ ಹಕ್ಕಿಗಳ ಜಾಗತಿಕ ಪಟ್ಟಿಯಲ್ಲಿ ಇದರ ಹೆಸರೂ ಇದೆ. ಹಾಗೆ ನೋಡಿದರೆ ಗುಂಪಿನವರ ‘ಓಂ ಶಾಂತಿ’ ತಪ್ಪಲ್ಲ, ಸ್ವಲ್ಪ ಮುಂಗಡ ಅಷ್ಟೆ.

ಗುಂಪು ಶುರುವಾದಾಗ ಹೀಗಿರಲಿಲ್ಲ ಅಂತ ಹಳಬರು ನಿಟ್ಟುಸಿರು ಬಿಡುತ್ತಾರೆ. ನಿಜ. ಆಗ ಬಹಳ ಸಪ್ಪೆಯಾಗಿತ್ತು. ‘ಅಮಾನಿಕೆರೆ, ಬೆಳಿಗ್ಗೆ 6.40, ನಾಮದ ಕೋಳಿ ಹನ್ನೆರಡು, ಮಿಂಚುಳ್ಳಿ ಒಂದು.’ ಇಷ್ಟೇ. ಅದಕ್ಕೆ ಇನ್ನೊಬ್ಬರು ‘ನಮ್ಮ ಕಡೆ ಟಿಟ್ಟಿಭ ಮೊಟ್ಟೆ ಇಟ್ಟಿದೆ’ ಅನ್ನುವುದು. ಹೊಸಬರು ಯಾರಾದರೂ ಮೈನಾ ಫೋಟೊ ಹಾಕಿ ‘ಐಡಿ ಪ್ಲೀಸ್’ ಅಂದರೆ, ಒಬ್ಬರು ನಿವೃತ್ತ ಮೇಷ್ಟ್ರು ಬೇಜಾರಿಲ್ಲದೆ ಕೊಕ್ಕಿನ ಬಣ್ಣದಿಂದ ಹಿಡಿದು ಪಾಠ ಮಾಡುತ್ತಿದ್ದರು. ಜಗಳವಿಲ್ಲ, ಲಾಭವಿಲ್ಲ, ಯಾರ ಹುಟ್ಟುಹಬ್ಬ ಯಾವತ್ತು ಅಂತ ಯಾರಿಗೂ ಗೊತ್ತಿಲ್ಲ. ಇದೂ ಒಂದು ಗುಂಪಾ?

ತಿರುವು ಸಿಕ್ಕಿದ್ದು ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ. ಅಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳ ಮೇಲೆ ಗೂಡು ಕಟ್ಟುತ್ತವೆ, ಊರಿನವರೇ ಕಾಯುತ್ತಾರೆ, ಗೊತ್ತಲ್ಲ. ಒಬ್ಬರು ಹೋಗಿ ಚೆಂದದ ಫೋಟೊ ತಂದು ಹಾಕಿದರು. ಗೂಡಿನಲ್ಲಿ ಮರಿ, ಪಕ್ಕದಲ್ಲಿ ತಾಯಿ, ರೆಕ್ಕೆಯ ಹಿಂದೆ ಆ ಗುಲಾಬಿ ಬಣ್ಣ. ಮೊದಲ ಉತ್ತರ: ‘ಸೂಪರ್ ಸಾರ್’. ಎರಡನೆಯದು: ‘ಮರದಲ್ಲಿ ಹುಣಸೆ ಚೆನ್ನಾಗಿ ಬಿಟ್ಟಿದೆ ಅಲ್ವಾ?’ ಮೂರನೆಯದು: ‘ಈ ಸಲ ಕ್ವಿಂಟಲ್‌ಗೆ ಎಷ್ಟಂತೆ?’ ‘ಬೀಜ ಬಿಡಿಸಿದ್ದೋ, ಬಿಡಿಸದೆ ಇರೋದೋ?’ ‘ನಮ್ಮ ಭಾವಮೈದ ಎಪಿಎಂಸಿಯಲ್ಲಿ ಮಂಡಿ ಇಟ್ಟಿದ್ದಾನೆ, ಕೇಳಿ ಹೇಳ್ತೀನಿ.’ ಭಾವಮೈದನನ್ನೇ ಗುಂಪಿಗೆ ಸೇರಿಸಿದರು. ಅವರು ಒಳ್ಳೆಯವರು, ದಿನಾ ರೇಟು ಹಾಕತೊಡಗಿದರು. ‘ಹುಣಸೆ ಹಾಕಿದಿರಿ, ಕೊಬ್ಬರಿ ಏನು ಪಾಪ ಮಾಡಿತ್ತು?’ ಅಂತ ತಿಪಟೂರಿನ ಕಡೆಯವರು ಕೇಳಿದರು. ನ್ಯಾಯವಾದ ಪ್ರಶ್ನೆ. ಉಂಡೆ ಕೊಬ್ಬರಿಯೂ ಬಂತು. ಕೊಬ್ಬರಿ ಮಾರಿದವರ ಕೈಯಲ್ಲಿ ದುಡ್ಡು ಇರುತ್ತದೆ ಅಂತ ವಾಸನೆ ಹಿಡಿದು ಸೈಟು ಮಾರುವವರು ಬಂದರು. ಕೊಕ್ಕರೆಗಳು ಮಾತ್ರ ಇವತ್ತಿಗೂ ಅದೇ ಮರದಲ್ಲಿವೆ.

ಒಂದು ಮಾತು ಒಪ್ಪಬೇಕು. ಯಾರೂ ಒಳಗೆ ನುಗ್ಗಿದವರಲ್ಲ. ಎಲ್ಲರೂ ‘ವಿಷಯಕ್ಕೆ ಸಂಬಂಧವಿಲ್ಲ, ಕ್ಷಮಿಸಿ’ ಅಂತ ಬಾಗಿಲು ತಟ್ಟಿಯೇ ಬಂದರು. ಆ ಒಂದು ಸಾಲು ಬರೆದರೆ ಮುಗೀತು, ಆಮೇಲೆ ನಿಮ್ಮ ನಾದಿನಿಯ ಬ್ಯೂಟಿ ಪಾರ್ಲರ್ ಉದ್ಘಾಟನೆಯನ್ನೂ ಹಾಕಬಹುದು.

ಗುಡ್ ಮಾರ್ನಿಂಗ್ ವಿಚಾರದಲ್ಲಿ ಮಾತ್ರ ಒಮ್ಮೆ ಗಲಾಟೆ ಆಯಿತು. ‘ಶುಭೋದಯ ಬೇಡ, ಹಕ್ಕಿ ಮಾತ್ರ ಹಾಕಿ’ ಅಂತ ಮೇಷ್ಟ್ರು ವಿನಂತಿ ಮಾಡಿದರು. ‘ಹಕ್ಕಿ ಇದೆಯಲ್ಲ ಸಾರ್ ಅದರಲ್ಲಿ’ ಅಂತ ಉತ್ತರ ಬಂತು. ಇತ್ತು. ಗುಲಾಬಿ ಹೂವು, ಕಾಫಿ ಕಪ್ಪು, ಕಪ್ಪಿನ ಅಂಚಿನ ಮೇಲೆ ಒಂದು ಮಕಾವ್ ಗಿಳಿ. ದಕ್ಷಿಣ ಅಮೆರಿಕದ ಅಮೆಜಾನ್ ಕಾಡಿನ ಗಿಳಿ ದಿನಾ ಬೆಳಿಗ್ಗೆ ಐದೂವರೆಗೆ ಗುಬ್ಬಿ ತಾಲ್ಲೂಕಿನವರಿಗೆ ‘ನಿನ್ನೆಯ ನೋವು ಮರೆತು ನಗು’ ಅಂತ ಹೇಳುತ್ತಿದೆ. ಇದಕ್ಕಿಂತ ದೊಡ್ಡ ವಲಸೆ ಯಾವ ಹಕ್ಕಿಶಾಸ್ತ್ರದ ಪುಸ್ತಕದಲ್ಲೂ ದಾಖಲಾಗಿಲ್ಲ.

ಅದೇ ತರ್ಕದಲ್ಲಿ ಯುಗಾದಿ ಹೊತ್ತಿಗೆ ‘ನಾಟಿ ಕೋಳಿ ಬೇಕಾದವರು ಸಂಪರ್ಕಿಸಿ’ ಬಂತು. ಕೋಳಿಯೂ ಹಕ್ಕಿಯೇ ತಾನೆ? ಹೊಸತೊಡಕಿನ ಹಿಂದಿನ ದಿನ ಆ ಪೋಸ್ಟಿಗೆ ಬಿದ್ದಷ್ಟು ಉತ್ತರ ಗುಂಪಿನ ಚರಿತ್ರೆಯಲ್ಲೇ ಯಾವ ಹಕ್ಕಿಗೂ ಬಿದ್ದಿಲ್ಲ. ವರ್ಷಾನುಗಟ್ಟಲೆ ಬಾಯಿ ಬಿಡದ ಸದಸ್ಯರೆಲ್ಲ ‘ನನಗೆ ಎರಡು’, ‘ಹುಂಜ ಸಿಗುತ್ತಾ’, ‘ಸುಟ್ಟು ಕ್ಲೀನ್ ಮಾಡಿ ಕೊಡ್ತೀರಾ’ ಅಂತ ಬಂದರು. ಹಕ್ಕಿಯ ತೂಕ, ಬಣ್ಣ, ವಯಸ್ಸು, ತಳಿ ಎಲ್ಲದರ ಬಗ್ಗೆಯೂ ಇಷ್ಟು ಸೂಕ್ಷ್ಮವಾದ ಚರ್ಚೆ ಹಿಂದೆ ನಡೆದಿರಲಿಲ್ಲ. ಮೇಷ್ಟ್ರೂ ಒಂದು ಕೆಜಿ ಹೇಳಿದರು ಅಂತ ಸುದ್ದಿ.

ಗುಬ್ಬಿ ಅಂದೆನಲ್ಲ, ಅದರ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ. ತಾಲ್ಲೂಕಲ್ಲ, ಹಕ್ಕಿ. ಮಾರ್ಚ್ 20 ವಿಶ್ವ ಗುಬ್ಬಿ ದಿನ, 2010ರಿಂದ ನಡೆಯುತ್ತಿದೆ. ಅವತ್ತು ಗುಂಪಿನಲ್ಲಿ ಕಣ್ಣೀರು ಉಕ್ಕುತ್ತದೆ. ‘ಮೊಬೈಲ್ ಟವರ್‌ಗಳು ಗುಬ್ಬಿಗಳನ್ನು ಕೊಂದವು. ಮೊಬೈಲ್ ಬಿಡಿ, ಗುಬ್ಬಿ ಉಳಿಸಿ. ಈ ಸಂದೇಶವನ್ನು ಕನಿಷ್ಠ ಹತ್ತು ಜನರಿಗೆ ಕಳಿಸಿ.’ ಕಳಿಸುವುದು ಯಾವುದರಿಂದ ಅಂತ ಕೇಳಬೇಡಿ. ಪಾರಿವಾಳದ ಕಾಲಿಗೆ ಕಟ್ಟಿ ಕಳಿಸೋಕಾಗುತ್ತಾ? ಅಸಲು ವಿಷಯ ಏನಪ್ಪಾ ಅಂದರೆ, ದೇಶದ ಹಕ್ಕಿಗಳ ಸ್ಥಿತಿಗತಿ ಬಗ್ಗೆ 2020ರಲ್ಲಿ ಒಂದು ದೊಡ್ಡ ವರದಿ ಬಂತು. ದೊಡ್ಡ ನಗರಗಳಲ್ಲಿ ಗುಬ್ಬಿ ಕಡಿಮೆಯಾಗಿದೆ ನಿಜ, ಆದರೆ ದೇಶದ ಒಟ್ಟು ಲೆಕ್ಕ ಹಿಡಿದರೆ 25 ವರ್ಷದಲ್ಲಿ ಹೆಚ್ಚುಕಡಿಮೆ ಅಷ್ಟೇ ಇದೆ ಅಂತ ಅದು ಹೇಳಿತು. ಟವರಿನಿಂದ ಸತ್ತವು ಅನ್ನುವುದಕ್ಕೆ ಪುರಾವೆಯೂ ಸಿಕ್ಕಿರಲಿಲ್ಲ. ಆ ವರದಿಗೆ ಲೆಕ್ಕ ಕೊಟ್ಟವರು ಯಾರು? ಸುಮಾರು 15,500 ಹವ್ಯಾಸಿಗಳು. ಬೆಳಿಗ್ಗೆ ಎದ್ದು, ಕೆರೆ ದಂಡೆಗೆ ಹೋಗಿ, ಕಂಡದ್ದನ್ನು ಎಣಿಸಿ ಬರೆದವರು. ಒಂದು ಕೋಟಿಗೂ ಹೆಚ್ಚು ದಾಖಲೆ. ‘ನಾಮದ ಕೋಳಿ ಹನ್ನೆರಡು, ಮಿಂಚುಳ್ಳಿ ಒಂದು’ ಅಂತ ಬರೆಯುವ ಸಪ್ಪೆ ಜನರ ಸಪ್ಪೆ ಕೆಲಸ. ಇದನ್ನು ಗುಂಪಿನಲ್ಲಿ ಯಾರೋ ಹಾಕಿದರು. ‘ಅಷ್ಟುದ್ದ ಯಾರು ಓದ್ತಾರೆ, ವಾಯ್ಸ್ ಮೆಸೇಜ್ ಹಾಕಿ’ ಅಂದರು.

ಈಗ ಹೊಸದಾಗಿ ಎಐ ಹಕ್ಕಿಗಳು ಬಂದಿವೆ. ನೇರಳೆ ಗೂಬೆ, ಬೆನ್ನಿನ ಮೇಲೆ ಮರಿಗಳನ್ನು ಕೂರಿಸಿಕೊಂಡ ನವಿಲು. ‘ಹಿಮಾಲಯದಲ್ಲಿ ನೂರು ವರ್ಷಕ್ಕೊಮ್ಮೆ ಕಾಣಿಸುವ ಪಕ್ಷಿ, ನೋಡಿದವರಿಗೆ ಶುಭ.’ ಮೊನ್ನೆ ಒಂದಕ್ಕೆ ನಾಲ್ಕು ಜನ ನಾಲ್ಕು ಹೆಸರು ಕೊಟ್ಟರು. ಒಬ್ಬರು ಮಧುಗಿರಿ ಹತ್ತಿರ ಮೈದನಹಳ್ಳಿಯ ಕೃಷ್ಣಮೃಗದ ಕಾವಲಿನಲ್ಲಿ ತಾವೇ ನೋಡಿದ್ದಾಗಿ ಸಾಕ್ಷಿ ನುಡಿದರು. ಹಕ್ಕಿಗೆ ಮೂರು ಕಾಲಿತ್ತು.

ಇದಕ್ಕೆಲ್ಲ ಜನ ಜಾಸ್ತಿ ಆಗಿದ್ದೇ ಕಾರಣ ಅಂತ ಕೆಲವರು. ಇರಬಹುದು. ವಾಟ್ಸಾಪ್‌ನವರು 256 ಜನರ ಮಿತಿ ಇಟ್ಟಿದ್ದಾಗ ಸೇರಿಸಬೇಕಾದರೆ ಯೋಚಿಸುತ್ತಿದ್ದರು. 2022ರಲ್ಲಿ ಮೊದಲು 512, ಆಮೇಲೆ 1024 ಮಾಡಿದರು. ಅಡ್ಮಿನ್‌ಗೆ ಅದು ಟಾರ್ಗೆಟ್ ಥರ ಕಂಡಿತು. ಸಿಕ್ಕಿದವರನ್ನೆಲ್ಲ ಸೇರಿಸಿದರು. ಗ್ಯಾಸ್ ಸಿಲಿಂಡರ್ ಕೊಡೋಕೆ ಬಂದ ಹುಡುಗನೂ ಇದ್ದಾನೆ. ಪಾಪ, ಅವನೊಬ್ಬ ಆಗಾಗ ದಾರಿಯಲ್ಲಿ ಕಂಡ ನೀಲಕಂಠದ ಫೋಟೊ ಹಾಕುತ್ತಾನೆ. ಅಡ್ಮಿನ್‌ಗಳೇ ಈಗ ಹದಿನಾಲ್ಕು ಜನ. ಅದರಲ್ಲಿ ಎರಡು ಬಣ. ಚುನಾವಣೆ ಬಂದರೆ ಮೂರು. ಅಡ್ಮಿನ್‌ಗಳು ಮಾತ್ರ ಬರೆಯುವ ಹಾಗೆ ಗುಂಪಿಗೆ ಬೀಗ ಹಾಕುವ ಸೌಲಭ್ಯವೂ ಉಂಟು. ಒಮ್ಮೆ ಹಾಕಿ ನೋಡಿದರು. ಹದಿನಾಲ್ಕು ಅಡ್ಮಿನ್‌ಗಳು ಒಬ್ಬರಿಗೊಬ್ಬರು ಶುಭೋದಯ ಹೇಳಿಕೊಂಡರು, ಉಳಿದವರು ನೋಡಿದರು. ಹಕ್ಕಿ ವೀಕ್ಷಣೆ ಹೋಗಿ ಅಡ್ಮಿನ್ ವೀಕ್ಷಣೆ ಆಯಿತು. ಬೇಸತ್ತವರು ‘ಹಕ್ಕಿ ಮಾತ್ರ’ ಅಂತ ಬೇರೆ ಗುಂಪು ಕಟ್ಟಿದರು. ಅಲ್ಲಿ ಈಗ ಆರುನೂರು ಎಂಎಂ ಲೆನ್ಸು, ಅದರ ಇಎಂಐ, ಯಾವ ಬ್ಯಾಂಕಿನಲ್ಲಿ ಬಡ್ಡಿ ಕಡಿಮೆ ಅನ್ನುವುದು ಬಿಟ್ಟು ಬೇರೆ ಮಾತಿಲ್ಲ.

ಇಲ್ಲಿಯವರೆಗೆ ತಮಾಷೆ.

ಊರಂಚಿನ ಒಂದು ಕೆರೆ. ಹೆಸರು ಬೇಡ. ಹೋದ ಚಳಿಗಾಲದವರೆಗೂ ಅಲ್ಲಿ ಬಾತುಕೋಳಿ ಇಳಿಯುತ್ತಿದ್ದವು. ಅದರ ದಂಡೆಗೆ ರಾತ್ರಿ ಹೊತ್ತು ಟಿಪ್ಪರ್‌ಗಳು ಒಡೆದ ಮನೆಗಳ ಇಟ್ಟಿಗೆ, ಕಾಂಕ್ರೀಟು ತಂದು ಸುರಿಯುತ್ತಿದ್ದವು. ಒಬ್ಬ ಕಾಲೇಜು ಹುಡುಗಿ ವಿಡಿಯೊ ಮಾಡಿ ಗುಂಪಿಗೆ ಹಾಕಿದಳು. ಟಿಪ್ಪರ್ ಹಿಂದಕ್ಕೆ ಬರುವುದು, ಟ್ರಾಲಿ ಎತ್ತುವುದು, ಜೊಂಡಿನೊಳಗಿಂದ ಹಕ್ಕಿಗಳು ಕತ್ತಲಲ್ಲಿ ಕಿರುಚಿಕೊಂಡು ಏಳುವುದು ಎಲ್ಲ ಇತ್ತು. ‘ಮನವಿ ಬರೆದಿದ್ದೇನೆ, ಹತ್ತು ಜನ ಸಹಿ ಹಾಕಿ’ ಅಂತ ಕೇಳಿದಳು. ಅವತ್ತು ಒಬ್ಬ ಅಡ್ಮಿನ್ ಹುಟ್ಟುಹಬ್ಬ. ಕೇಕು, ಪಟಾಕಿ, ‘ನೂರ್ಕಾಲ ಬಾಳಿ ಅಣ್ಣ’ದ ಕೆಳಗೆ ವಿಡಿಯೊ ಮುಚ್ಚಿಹೋಯಿತು. ಮಾರನೇ ದಿನ ಮತ್ತೆ ಹಾಕಿದಳು. ‘ಇದು ರಾಜಕೀಯ ವಿಷಯ ಆಗುತ್ತೆ ಕಣಮ್ಮ, ಗುಂಪಿನ ಉದ್ದೇಶಕ್ಕೆ ಸಂಬಂಧ ಇಲ್ಲ’ ಅಂತ ಬಂತು ಉತ್ತರ.

ಹುಣಸೆಗೆ ಸಂಬಂಧ ಇತ್ತು. ಹುಂಜಕ್ಕೆ ಇತ್ತು. ಬ್ಯೂಟಿ ಪಾರ್ಲರ್‌ಗೆ ಇತ್ತು. ಹಕ್ಕಿ ಕೂರುವ ಕೆರೆಗೆ ಇಲ್ಲ. ಕೆರೆಗೆ ಕಟ್ಟಡದ ಕಸ ಸುರಿಯುವುದು ಅಪರಾಧ ಅಂತ 2014ರ ಕೆರೆ ಸಂರಕ್ಷಣಾ ಕಾಯ್ದೆಯಲ್ಲೇ ಇದೆ. ಆ ಹುಡುಗಿ ಅದನ್ನೂ ಓದಿಕೊಂಡು ಬರೆದಿದ್ದಳು. ಸಾವಿರ ಜನರ ಗುಂಪಿನಲ್ಲಿ ಹತ್ತು ಸಹಿ ಹುಟ್ಟಲಿಲ್ಲ. ಸಹಿ ಹಾಕಿದವರು ಮೂರೇ: ಮೇಷ್ಟ್ರು, ಸಿಲಿಂಡರ್ ಹುಡುಗ, ಆಮೇಲೆ ಪಿಕಳಾರ ಹಾಕಿ ಹೊರಬಿದ್ದ ಆ ಮನುಷ್ಯ. ಆ ಕೆರೆಯ ಪಕ್ಕದ ಬಡಾವಣೆಯ ಜಾಹೀರಾತು ಮಾತ್ರ ವಾರಕ್ಕೆರಡು ಸಲ ಇದೇ ಗುಂಪಿನಲ್ಲಿ ಬರುತ್ತದೆ. ‘ಲೇಕ್ ವ್ಯೂ ಸೈಟು, ಮೂವತ್ತು ನಲವತ್ತು.’ ಮೇಲೊಂದು ಹಾರುವ ಕೊಕ್ಕರೆ ಚಿತ್ರ. ಅದನ್ನು ಯಾರೂ ತೆಗೆಯಲ್ಲ, ಯಾಕೆಂದರೆ ಹಕ್ಕಿ ಇದೆಯಲ್ಲ ಅದರಲ್ಲಿ. ಇದಕ್ಕೆ ವ್ಯಂಗ್ಯ ಬರೆಯೋಕೆ ನನಗೂ ಸಾಕಾಗಿದೆ. ನಾಚಿಕೆ ಆಗಬೇಕು, ಅಷ್ಟೆ.

ಇರಲಿ. ಮುಂದಿನ ತಿಂಗಳು ಗುಂಪಿನ ವಾರ್ಷಿಕೋತ್ಸವ ಇದೆ. ಹದಿನಾಲ್ಕೂ ಅಡ್ಮಿನ್‌ಗಳಿಗೆ ಪೇಟ, ಶಾಲು, ಹಾರ. ಮುಖ್ಯ ಅತಿಥಿ ಯಾರು ಅಂತ ಎರಡೂ ಬಣ ಇನ್ನೂ ಒಪ್ಪಿಲ್ಲ. ಊಟ ಸಸ್ಯಾಹಾರವೋ ಮಾಂಸಾಹಾರವೋ ಅಂತ ಮತದಾನ ನಡೆದಿದೆ, ಸದ್ಯಕ್ಕೆ ಕೋಳಿ ಮುಂದಿದೆ. ಅವತ್ತು ಬೆಳಿಗ್ಗೆ ನಾಮದ ಚಿಲುಮೆಗೆ ಹಕ್ಕಿ ನೋಡಲು ಹೋಗುವ ಕಾರ್ಯಕ್ರಮ ಇತ್ತು, ಶಾಮಿಯಾನದವರು ಬೇಗ ಬರುತ್ತಾರೆ ಅಂತ ರದ್ದು ಮಾಡಿದ್ದಾರೆ. ತಲೆಗೆ ಐನೂರು ರೂಪಾಯಿ. ನಾನು ಕಳಿಸಿ ಆಗಲೇ ವಾರ ಆಯಿತು, ಖಜಾಂಚಿಯವರು ದಯವಿಟ್ಟು ರಸೀದಿ ಹಾಕಬೇಕು. ವಿಷಯಕ್ಕೆ ಸಂಬಂಧವಿಲ್ಲ, ಕ್ಷಮಿಸಿ.