ಹೂವರ್ ಕೈಕಟ್ಟಿ ಕುಳಿತಿರಲಿಲ್ಲ

ಅಮೆರಿಕದ ಮಹಾ ಆರ್ಥಿಕ ಕುಸಿತದ ಮಾತು ಬಂದಾಗಲೆಲ್ಲ ಒಂದು ಸಿದ್ಧ ಕಥೆ ಕೇಳಿಬರುತ್ತದೆ. 1929ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿಯಿತು, ಅಧ್ಯಕ್ಷ ಹರ್ಬರ್ಟ್ ಹೂವರ್ ಕೈಕಟ್ಟಿ ಕುಳಿತರು, 1933ರಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟ್ ಬಂದು ದೇಶವನ್ನು ಎತ್ತಿ ನಿಲ್ಲಿಸಿದರು ಎಂಬುದು ಆ ಕಥೆ. ಈ ವಿಷಯವನ್ನು ಓದುತ್ತ ಹೋದಂತೆ ಕಥೆಯ ಎರಡೂ ತುದಿಗಳು ಸಡಿಲವಾಗಿವೆ ಎಂದು ನನಗೆ ಅನ್ನಿಸತೊಡಗಿತು. ಹೂವರ್ ಮಾಡಿದ್ದು ಬಹಳವೇ ಇದೆ. ರೂಸ್‌ವೆಲ್ಟ್ ಮೊದಲೇ ಯೋಚಿಸಿ ಮಾಡಿದ್ದು ನಾವು ಅಂದುಕೊಂಡದ್ದಕ್ಕಿಂತ ಕಡಿಮೆ. ಸರ್ಕಾರದ ಹಣ ಹಸಿದವನ ಕೈಗೆ ನೇರವಾಗಿ ಹೋಗಬಹುದೇ ಎಂಬ ಒಂದೇ ಪ್ರಶ್ನೆಯಲ್ಲಿ ಅವರಿಬ್ಬರೂ ಬೇರೆಯಾಗುತ್ತಾರೆ ಎಂಬುದು ನನ್ನ ಅಭಿಪ್ರಾಯ.

ಹೂವರ್ ಗಣಿ ಎಂಜಿನಿಯರಾಗಿ ಹಣ ಸಂಪಾದಿಸಿ, ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸೇನೆಯ ವಶದಲ್ಲಿದ್ದ ಬೆಲ್ಜಿಯಂನ ಜನರಿಗೆ ಆಹಾರ ಮುಟ್ಟಿಸಿ ಜಗತ್ಪ್ರಸಿದ್ಧರಾದವರು. 1921ರಲ್ಲಿ ಸೋವಿಯತ್ ರಷ್ಯಾದಲ್ಲಿ ಭೀಕರ ಬರ ಬಿದ್ದಾಗ, ಅಲ್ಲಿ ಆಳುತ್ತಿದ್ದ ಕಮ್ಯುನಿಸ್ಟ್ ಬೊಲ್ಷೆವಿಕರನ್ನು ಕಂಡರೆ ಆಗದಿದ್ದರೂ, ಅಮೆರಿಕದ ಕಾಂಗ್ರೆಸ್ಸಿನಿಂದ 2 ಕೋಟಿ ಡಾಲರ್ ಮಂಜೂರು ಮಾಡಿಸಿ ಅಲ್ಲಿಗೆ ಮೆಕ್ಕೆಜೋಳ ಕಳುಹಿಸಿದ್ದರು. 1837ರ ಆರ್ಥಿಕ ಬಿಕ್ಕಟ್ಟಿನಲ್ಲಿ ಅಧ್ಯಕ್ಷರಾಗಿದ್ದ ಮಾರ್ಟಿನ್ ವ್ಯಾನ್ ಬ್ಯೂರೆನ್, 1893ರ ಬಿಕ್ಕಟ್ಟಿನಲ್ಲಿ ಅಧ್ಯಕ್ಷರಾಗಿದ್ದ ಗ್ರೋವರ್ ಕ್ಲೀವ್‌ಲ್ಯಾಂಡ್ ಇಬ್ಬರೂ ಜನರ ಕಷ್ಟ ನೀಗಿಸುವುದು ಕೇಂದ್ರ ಸರ್ಕಾರದ ಕೆಲಸವಲ್ಲ ಎಂದು ನಂಬಿ ದೂರ ಉಳಿದಿದ್ದರು. ಹೂವರ್ ಹಾಗೆ ಮಾಡಲಿಲ್ಲ. ಷೇರುಪೇಟೆ ಕುಸಿದ ಮರುತಿಂಗಳೇ ದೊಡ್ಡ ಉದ್ಯಮಿಗಳನ್ನು ಶ್ವೇತಭವನಕ್ಕೆ ಕರೆಸಿಕೊಂಡು, ಕೂಲಿ ಕಡಿತ ಮಾಡಬೇಡಿ ಎಂದು ಕೇಳಿಕೊಂಡರು. ಲೋಕೋಪಯೋಗಿ ಕಾಮಗಾರಿಗಳನ್ನು ಬೇಗ ಬೇಗ ಶುರು ಮಾಡಿ ಎಂದು ರಾಜ್ಯಗಳ ಗವರ್ನರುಗಳಿಗೆ ಹೇಳಿದರು.

ಅವರು ಎಲ್ಲಿ ನಿಂತುಬಿಟ್ಟರು ಎಂಬುದನ್ನು ನೋಡಬೇಕಾದರೆ ಅರ್ಕನ್ಸಾ ರಾಜ್ಯಕ್ಕೆ ಹೋಗಬೇಕು. 1930ರ ಬೇಸಿಗೆಯಲ್ಲಿ ಅಲ್ಲಿ ಮಳೆ ಕೈಕೊಟ್ಟು ಹತ್ತಿ ಒಣಗಿತು. ಆ ವರ್ಷದ ಕೊನೆಯಲ್ಲಿ ಬರ ಪರಿಹಾರಕ್ಕೆ 4.5 ಕೋಟಿ ಡಾಲರುಗಳ ಸಾಲದ ಕಾಯ್ದೆ ಬಂತು. ಬಿತ್ತನೆ ಬೀಜಕ್ಕೆ, ಗೊಬ್ಬರಕ್ಕೆ, ದನಕರುಗಳ ಮೇವಿಗೆ ಸಾಲ ಸಿಗುತ್ತಿತ್ತು. ಮನೆಮಂದಿಯ ಊಟಕ್ಕೆ ಸಿಗುತ್ತಿರಲಿಲ್ಲ. ಊಟಕ್ಕೂ ಕೊಡಬೇಕೆಂಬ ಪ್ರಸ್ತಾವವನ್ನು ಹೂವರ್ ವಿರೋಧಿಸಿದ್ದರು. ಕೇಂದ್ರದ ಖಜಾನೆಯಿಂದ ಅನ್ನ ಬಂದರೆ ಜನ ಸ್ವಾವಲಂಬನೆ ಕಳೆದುಕೊಳ್ಳುತ್ತಾರೆ, ಹಸಿವನ್ನು ನೋಡಿಕೊಳ್ಳಲು ರೆಡ್‌ಕ್ರಾಸ್ ಇದೆ, ನೆರೆಹೊರೆಯವರಿದ್ದಾರೆ ಎಂಬುದು ಅವರ ವಾದವಾಗಿತ್ತು. 1931ರ ಜನವರಿ 3ರಂದು ಅದೇ ರಾಜ್ಯದ ಇಂಗ್ಲೆಂಡ್ ಎಂಬ ಸಣ್ಣ ಊರಿಗೆ ನೂರಾರು ರೈತರು ನುಗ್ಗಿ, ಮಕ್ಕಳು ಹಸಿದಿವೆ, ತಿನ್ನಲು ಕೊಡಿ ಎಂದು ಅಂಗಡಿಗಳ ಮುಂದೆ ನಿಂತರು. ಅಲ್ಲಿನ ರೆಡ್‌ಕ್ರಾಸ್ ಕಚೇರಿಯಲ್ಲಿ ಅರ್ಜಿ ನಮೂನೆಗಳು ಮುಗಿದುಹೋಗಿದ್ದವು. ನಮೂನೆ ಇಲ್ಲದ ಮೇಲೆ ರೇಷನ್ನೂ ಇರಲಿಲ್ಲ. ಕೊನೆಗೆ ಊರಿನ ವ್ಯಾಪಾರಿಗಳೇ ಆಹಾರ ಹಂಚಿದರು. ರಷ್ಯಾದ ರೈತನ ವಿಷಯದಲ್ಲಿ ಅಡ್ಡಬಾರದ ಸ್ವಾವಲಂಬನೆಯ ತತ್ತ್ವ ಅರ್ಕನ್ಸಾದ ರೈತನಿಗೇ ಏಕೆ ಅನ್ವಯಿಸಬೇಕು ಎಂಬ ಪ್ರಶ್ನೆಗೆ ಹೂವರ್ ಅವರ ಅಭಿಮಾನಿಗಳು ಕೊಟ್ಟ ಯಾವ ಉತ್ತರವೂ ನನಗೆ ಒಪ್ಪಿಗೆಯಾಗಿಲ್ಲ.

1932ರ ಜನವರಿಯಲ್ಲಿ ಅವರು ಹುಟ್ಟುಹಾಕಿದ ಪುನರ್‌ನಿರ್ಮಾಣ ಹಣಕಾಸು ನಿಗಮವು ಆ ಕಾಲಕ್ಕೆ ದೊಡ್ಡ ಹೆಜ್ಜೆಯೇ. ಆದರೆ ಅದರ ಸಾಲ ಹೋದದ್ದು ಬ್ಯಾಂಕುಗಳಿಗೆ, ರೈಲ್ವೆ ಕಂಪನಿಗಳಿಗೆ, ವಿಮಾ ಸಂಸ್ಥೆಗಳಿಗೆ. ನಿಗಮದ ಮುಖ್ಯಸ್ಥರಾಗಿದ್ದ ಮಾಜಿ ಉಪಾಧ್ಯಕ್ಷ ಚಾರ್ಲ್ಸ್ ಡಾಸ್ ರಾಜೀನಾಮೆ ಕೊಟ್ಟ ಕೆಲವೇ ವಾರಗಳಲ್ಲಿ, ಶಿಕಾಗೋದಲ್ಲಿದ್ದ ಅವರದೇ ಬ್ಯಾಂಕಿಗೆ 9 ಕೋಟಿ ಡಾಲರ್ ಸಾಲ ಮಂಜೂರಾಯಿತು. ಆ ಬ್ಯಾಂಕು ಮುಳುಗಿದ್ದರೆ ಇನ್ನಷ್ಟು ಬ್ಯಾಂಕುಗಳನ್ನು ಜೊತೆಗೆ ಎಳೆದುಕೊಂಡು ಹೋಗುತ್ತಿತ್ತು ಎಂಬುದು ಸುಳ್ಳಲ್ಲ. ಆದರೂ ಒಂದು ಬ್ಯಾಂಕಿಗೆ ಕೊಟ್ಟದ್ದು ಅರ್ಕನ್ಸಾ ಮೊದಲಾದ ಬರಪೀಡಿತ ರಾಜ್ಯಗಳಿಗೆಲ್ಲ ಸೇರಿಸಿ ತೆಗೆದಿರಿಸಿದ್ದ ಮೊತ್ತದ ಎರಡರಷ್ಟಾಯಿತು. ಸಾವಿರಕ್ಕೂ ಹೆಚ್ಚು ಅರ್ಥಶಾಸ್ತ್ರಜ್ಞರು ಬೇಡವೆಂದು ಮನವಿ ಮಾಡಿದ್ದರೂ 1930ರಲ್ಲಿ ಸ್ಮೂಟ್–ಹಾಲಿ ಆಮದು ಸುಂಕದ ಕಾಯ್ದೆಗೆ ಸಹಿ ಹಾಕಿದ್ದು, ಕುಸಿತದ ನಡುವೆಯೇ 1932ರಲ್ಲಿ ತೆರಿಗೆಗಳನ್ನು ಏರಿಸಿದ್ದು ಎಲ್ಲರಿಗೂ ಗೊತ್ತಿರುವ ತಪ್ಪುಗಳು. ಅದೇ ವರ್ಷ ಜುಲೈ 28ರಂದು, ಮೊದಲ ಮಹಾಯುದ್ಧದ ಸೇವೆಗಾಗಿ 1945ಕ್ಕೆ ಸಿಗಬೇಕಿದ್ದ ಬೋನಸ್ಸನ್ನು ಈಗಲೇ ಕೊಡಿ ಎಂದು ವಾಷಿಂಗ್ಟನ್ನಿನಲ್ಲಿ ಬೀಡುಬಿಟ್ಟಿದ್ದ ಮಾಜಿ ಸೈನಿಕರನ್ನು ಜನರಲ್ ಮೆಕಾರ್ಥರ್ ಟ್ಯಾಂಕು, ಅಶ್ರುವಾಯುಗಳೊಂದಿಗೆ ಓಡಿಸಿದ ಮೇಲೆ ಹೂವರ್ ಚುನಾವಣೆಯಲ್ಲಿ ಗೆಲ್ಲುವ ಮಾತು ಮುಗಿಯಿತು.

ಇನ್ನು ರೂಸ್‌ವೆಲ್ಟ್ ವಿಷಯ. 1932ರ ಪ್ರಚಾರದಲ್ಲಿ ಅವರು ಹೂವರ್ ಮೇಲೆ ಹೊರಿಸಿದ ಆರೋಪಗಳಲ್ಲಿ ಒಂದು ದುಂದುವೆಚ್ಚದ್ದು! ಸರ್ಕಾರದ ಖರ್ಚನ್ನು ಕಾಲುಭಾಗ ಇಳಿಸುವುದಾಗಿ ಮಾತು ಕೊಟ್ಟವರು ಅವರೇ. ನವೆಂಬರಿನಲ್ಲಿ ಗೆದ್ದ ಮೇಲೂ ಮಾರ್ಚ್ 4ರವರೆಗೆ ಕಾಯಬೇಕಿತ್ತು. ಆ ನಾಲ್ಕು ತಿಂಗಳಲ್ಲಿ ಹೂವರ್ ಸಹಕಾರ ಕೇಳಿದಾಗ ಅವರು ಕೈಜೋಡಿಸಲಿಲ್ಲ, ಅಷ್ಟರಲ್ಲಿ ಒಂದರ ಹಿಂದೊಂದು ರಾಜ್ಯ ತನ್ನ ಬ್ಯಾಂಕುಗಳಿಗೆ ಬೀಗ ಹಾಕಿತು. ನನ್ನ ದೃಷ್ಟಿಯಲ್ಲಿ ಇದು ರೂಸ್‌ವೆಲ್ಟ್ ಅವರ ಮೇಲಿರುವ ದೊಡ್ಡ ಕಳಂಕ.

ಆದರೆ ಅಧಿಕಾರ ವಹಿಸಿಕೊಂಡ ಮೊದಲ ಎಂಟು ದಿನಗಳಲ್ಲಿ ಅವರು ಮಾಡಿದ ಕೆಲಸಕ್ಕೆ ನಾನು ತಲೆಬಾಗುತ್ತೇನೆ, ಏಕೆಂದರೆ ನಾನೂ ಬ್ಯಾಂಕಿನ ಕೌಂಟರಿನ ಹಿಂದೆ ಬಹಳ ವರ್ಷ ಕುಳಿತವನು. ಒಮ್ಮೆ ನಮ್ಮ ಶಾಖೆಯ ಎದುರಿಗಿದ್ದ ಸಹಕಾರಿ ಬ್ಯಾಂಕೊಂದು ಮುಳುಗುತ್ತಿದೆ ಎಂಬ ಗಾಳಿಸುದ್ದಿ ಹಬ್ಬಿ, ಬೆಳಿಗ್ಗೆ ಎಂಟಕ್ಕೇ ಪಾಸ್‌ಬುಕ್ ಹಿಡಿದ ಜನ ಅದರ ಶಟರಿನ ಮುಂದೆ ಸಾಲುಗಟ್ಟಿದ್ದನ್ನು ನೋಡಿದ್ದೇನೆ. ಆ ಸಾಲಿನವರಿಗೆ ಬ್ಯಾಲೆನ್ಸ್ ಶೀಟು ತೋರಿಸಿ ಪ್ರಯೋಜನವಿಲ್ಲ. ಮುಂದಿನವನಿಗೆ ನೋಟು ಎಣಿಸಿ ಕೊಡುವುದು ಕಣ್ಣಿಗೆ ಬಿದ್ದರಷ್ಟೇ ಹಿಂದಿನವನು ಮನೆಯ ದಾರಿ ಹಿಡಿಯುತ್ತಾನೆ. ರೂಸ್‌ವೆಲ್ಟ್ ಮಾರ್ಚ್ 6ರಂದು ದೇಶದ ಎಲ್ಲ ಬ್ಯಾಂಕುಗಳಿಗೂ ರಜೆ ಘೋಷಿಸಿದರು. 9ರಂದು ತುರ್ತು ಬ್ಯಾಂಕಿಂಗ್ ಕಾಯ್ದೆ ಒಂದೇ ದಿನದಲ್ಲಿ ಪಾಸಾಯಿತು. ಅದರ ಕರಡಿನಲ್ಲಿ ಹೂವರ್ ಕಾಲದ ಖಜಾನೆ ಅಧಿಕಾರಿಗಳ ಕೈವಾಡವೇ ಹೆಚ್ಚು. 12ರ ಭಾನುವಾರ ರಾತ್ರಿ ಅವರು ರೇಡಿಯೋದಲ್ಲಿ, ನೀವು ಇಟ್ಟ ಹಣವನ್ನು ಬ್ಯಾಂಕು ಪೆಟ್ಟಿಗೆಯಲ್ಲಿ ಹಾಗೇ ಇಡುವುದಿಲ್ಲ, ಅದನ್ನು ಸಾಲ ಕೊಟ್ಟು ದುಡಿಸುತ್ತದೆ ಎಂಬಲ್ಲಿಂದ ಶುರುಮಾಡಿ, ಬ್ಯಾಂಕುಗಳನ್ನು ಏಕೆ ಮುಚ್ಚಿದೆವು, ಹೇಗೆ ತೆರೆಯುತ್ತೇವೆ ಎಂಬುದನ್ನು ಪಕ್ಕದ ಮನೆಯವರಿಗೆ ಹೇಳುವಂತೆ ಹೇಳಿದರು. ಮರುದಿನ ಬ್ಯಾಂಕುಗಳು ತೆರೆಯತೊಡಗಿದಾಗ ಜನ ಸಾಲಿನಲ್ಲಿ ನಿಂತದ್ದು ಹಣ ಕಟ್ಟುವುದಕ್ಕೆ.

ಅದೇ ವರ್ಷದ ಮೇ ತಿಂಗಳಲ್ಲಿ ನೇರ ಪರಿಹಾರಕ್ಕೆಂದು 50 ಕೋಟಿ ಡಾಲರ್ ತೆಗೆದಿರಿಸಿ, ಹ್ಯಾರಿ ಹಾಪ್ಕಿನ್ಸ್ ಅವರನ್ನು ಉಸ್ತುವಾರಿಗೆ ನೇಮಿಸಿದರು. ಹಾಪ್ಕಿನ್ಸ್ ಕಚೇರಿ ಸಿದ್ಧವಾಗುವುದಕ್ಕೂ ಕಾಯದೆ ಪಡಸಾಲೆಯಲ್ಲಿ ಮೇಜು ಹಾಕಿಸಿಕೊಂಡು, ಮೊದಲ ಎರಡು ಗಂಟೆಗಳಲ್ಲೇ 50 ಲಕ್ಷಕ್ಕೂ ಹೆಚ್ಚು ಡಾಲರುಗಳನ್ನು ರಾಜ್ಯಗಳಿಗೆ ಬಿಡುಗಡೆ ಮಾಡಿದರು. ಮುಂದಿನ ಚಳಿಗಾಲದಲ್ಲಿ 40 ಲಕ್ಷಕ್ಕೂ ಹೆಚ್ಚು ಜನರಿಗೆ ರಸ್ತೆ, ಶಾಲೆ, ಚರಂಡಿಗಳ ಕೆಲಸ ಸಿಕ್ಕಿತು. ಅರ್ಕನ್ಸಾದಲ್ಲಿ ನಮೂನೆ ಮುಗಿದಿದ್ದ ಆ ಜನವರಿಯನ್ನು ನೆನೆದಾಗ ಈ ಪಡಸಾಲೆಯ ಮೇಜು ನನಗೆ ತುಂಬ ದೊಡ್ಡದಾಗಿ ಕಾಣುತ್ತದೆ.

ಹಾಗೆಂದು ರೂಸ್‌ವೆಲ್ಟ್ ಕೈಯಲ್ಲೂ ಮಂತ್ರದಂಡ ಇರಲಿಲ್ಲ. ಬೆಲೆ ಏರಿಸುವ ಹೆಸರಿನಲ್ಲಿ 1933ರಲ್ಲಿ ಅರವತ್ತು ಲಕ್ಷ ಹಂದಿಗಳನ್ನು ಕೊಲ್ಲಿಸಿದರು, ಬೆಳೆದು ನಿಂತ ಹತ್ತಿಯನ್ನು ಹೊಲದಲ್ಲೇ ಉಳಿಸಿ, ಉತ್ತು ಮಣ್ಣುಗೂಡಿಸಿದರು. 1935ರ ಸಾಮಾಜಿಕ ಭದ್ರತಾ ಕಾಯ್ದೆ ಕೃಷಿಕೂಲಿಗಳನ್ನೂ ಮನೆಗೆಲಸದವರನ್ನೂ ಹೊರಗಿಟ್ಟಿತು, ಅಂದರೆ ದಕ್ಷಿಣದ ಕಪ್ಪು ದುಡಿಮೆಗಾರರಲ್ಲಿ ಬಹುಪಾಲು ಮಂದಿಯನ್ನು. 1937ರಲ್ಲಿ ಚೇತರಿಕೆ ಬಂತೆಂದು ನಂಬಿ ಖರ್ಚು ಕಡಿತಕ್ಕೆ ಇಳಿದರು. ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ಕೂಡ, ಬ್ಯಾಂಕುಗಳು ಸಾಲ ಕೊಡದೆ ತೆಗೆದಿಡಬೇಕಾದ ಹಣದ ಮೀಸಲು ನಿಯಮವನ್ನು ಬಿಗಿಗೊಳಿಸಿತ್ತು. ಸುಮಾರು ಶೇ. 14ಕ್ಕೆ ಇಳಿದಿದ್ದ ನಿರುದ್ಯೋಗ ಮರುವರ್ಷ ಶೇ. 19ರ ಹತ್ತಿರ ಹೋಯಿತು. 1938ರ ವಸಂತದಲ್ಲಿ ರೂಸ್‌ವೆಲ್ಟ್ ತಮ್ಮದೇ ಕಡಿತವನ್ನು ಕೈಬಿಟ್ಟು ಮತ್ತೆ ಖರ್ಚಿಗೆ ಹಣ ಕೇಳಿದರು. ಪೂರ್ಣ ಉದ್ಯೋಗ ಬಂದದ್ದು ಯುದ್ಧದ ಕಾರ್ಖಾನೆಗಳು ತುಂಬಿದ ಮೇಲೆಯೇ.

ಹೂವರ್ 1964ರವರೆಗೂ ಬದುಕಿದ್ದರು, ನ್ಯೂ ಡೀಲ್ ಎಂದು ಹೆಸರಾದ ರೂಸ್‌ವೆಲ್ಟ್ ಅವರ ಕಾರ್ಯಕ್ರಮಗಳು ತಪ್ಪೆಂದೇ ವಾದಿಸಿದರು. ಎರಡನೆಯ ಮಹಾಯುದ್ಧದ ನಂತರ ಲೋಕದ ಆಹಾರ ಕೊರತೆಯನ್ನು ಅಂದಾಜು ಮಾಡಿಕೊಂಡು ಬನ್ನಿ ಎಂದು ಅಧ್ಯಕ್ಷ ಟ್ರೂಮನ್ ಕೇಳಿಕೊಂಡಾಗ ಎಪ್ಪತ್ತೊಂದರ ಹೂವರ್ ಒಪ್ಪಿ ಹೊರಟರು. 1946ರ ಏಪ್ರಿಲಿನಲ್ಲಿ ಭಾರತಕ್ಕೂ ಬಂದಿದ್ದರು. ಪರದೇಶದ ಹಸಿವನ್ನು ಲೆಕ್ಕ ಹಾಕುವುದರಲ್ಲಿ ಅಮೆರಿಕದಲ್ಲಿ ಅವರಷ್ಟು ಪಳಗಿದವರು ಆಗಲೂ ಬೇರೆ ಯಾರೂ ಇರಲಿಲ್ಲ.