ನೋಡೇಬಿಡೋಣ

ನಿನ್ನೆ ರಾತ್ರಿ ಪೋಕರ್‌ನಲ್ಲಿ ಜೋಡಿ ಎಕ್ಕ ಹಿಡಿದು ಸೋತೆ. ಕೈಗೆ ಬರುವ ಎರಡೆಲೆಯಲ್ಲಿ ಅದಕ್ಕಿಂತ ದೊಡ್ಡದಿಲ್ಲ. ಎದುರಿಗಿದ್ದವರ ಕೈಯಲ್ಲಿ ಇದ್ದದ್ದು ಒಂದು ಹತ್ತು, ಒಂದು ಎರಡು. ಇವತ್ತು ಬೆಳಿಗ್ಗೆ ಹಲ್ಲುಜ್ಜುವಾಗಲೂ ಕನ್ನಡಿಯಲ್ಲಿ ಆ ಎರಡೇ ಕಾಣಿಸುತ್ತಿತ್ತು.

ಹೋದದ್ದು ದೊಡ್ಡ ಗಂಟೇನಲ್ಲ. ನಮ್ಮದು ಚಿಲ್ಲರೆ ಆಟ. ಬ್ಲೈಂಡ್, ಅಂದರೆ ಎಲೆ ನೋಡುವ ಮೊದಲೇ ಇಬ್ಬರು ಹಾಕಲೇಬೇಕಾದ ಪಣ, ಒಂದು-ಎರಡು ಚಿಪ್; ಒಬ್ಬೊಬ್ಬರ ಮುಂದೆ 200 ಚಿಪ್. ಸೋತರೆ ಯಾರ ಮನೆಯೂ ಮುಳುಗಲ್ಲ. ತೊಂದರೆ ಇರುವುದೇ ಅಲ್ಲಿ. ಮುಳುಗುವ ಭಯ ಇಲ್ಲದ ಮೇಲೆ ಯಾರು ತಾನೇ ಎಲೆ ಮಡಚಿ ಆ ಆಟ ಬಿಡುತ್ತಾರೆ? ನಾನು ಕಷ್ಟಪಟ್ಟು ಕಲಿತ ಪೋಕರ್ ಪೂರ್ತಿ ನಿಂತಿರುವುದು ಎದುರಿನವರು ಹೆದರುತ್ತಾರೆ ಅನ್ನೋ ನಂಬಿಕೆಯ ಮೇಲೆ.

ನಮ್ಮ ಮೇಜಿನಲ್ಲಿ ಹೆದರದವರು ಒಬ್ಬರಿದ್ದಾರೆ. ಹೆಸರು ಬೇಡ. ‘ನೋಡೇಬಿಡೋಣ’ ಅಂತ ಕರೆಯೋಣ. ಬಾಯಿ ಬಿಟ್ಟರೆ ಅವರಿಂದ ಬರುವ ಮಾತು ಅದೊಂದೇ. ನೀವು ಐದು ಹಾಕಿದರೆ ಅವರು ಇಪ್ಪತ್ತು. ನೀವು ಇಪ್ಪತ್ತು ಹಾಕಿದರೆ ಅರವತ್ತು. ನೀವು ಯೋಚಿಸುತ್ತಾ ಕೂತರೆ ಆಲ್-ಇನ್, ಅಂದರೆ ಮುಂದಿರೋ ಚಿಪ್ಪೆಲ್ಲ. "ಏನಿದೆ ರೀ ನಿಮ್ಮ ಹತ್ರ?" ಅಂದರೆ, "ಯಾರಿಗೊತ್ತು, ನೋಡೇಬಿಡೋಣ!"

ಅವರಿಗೆ ನಿಜವಾಗಿಯೂ ಗೊತ್ತಿರಲ್ಲ. ಹೊಟ್ಟೆ ಉರಿಯೋದು ಅದಕ್ಕೇ. ಹಂಚಿದ ಎರಡು ಎಲೆಗಳಲ್ಲಿ ಅವರು ಒಂದನ್ನು ಮಾತ್ರ ನೋಡುತ್ತಾರೆ. ಹೆಬ್ಬೆರಳಿನಿಂದ ಮೂಲೆ ಎತ್ತಿ, ಒಂದು ಕಣ್ಣು ಮುಚ್ಚಿ, ಡಬ್ಬಿಯೊಳಗೆ ಏನಿದೆ ಅಂತ ಇಣುಕುವ ಹಾಗೆ. ಇನ್ನೊಂದರ ಮೇಲೆ ತಮ್ಮ ಕನ್ನಡಕ ತೆಗೆದು ಇಟ್ಟುಬಿಡುತ್ತಾರೆ. ಒಂದು ದಿನ ತಡೆಯಲಾರದೆ ಕೇಳಿದೆ, "ಅದನ್ನ ಯಾಕೆ ನೋಡಲ್ಲ ಸಾರ್?" "ಎರಡೂ ಒಟ್ಟಿಗೆ ನೋಡಿದ್ರೆ ಮಜಾ ಏನಿರುತ್ತೆ ಹೇಳಿ?" ಅಂದರು. ನನಗೆ ಆರು ತಿಂಗಳು ಕಲಿತ ವಿದ್ಯೆ ಗಂಟಲಲ್ಲಿ ಸಿಕ್ಕಿಕೊಂಡಿತು.

ಇಂಥವರ ಎದುರು ಹೇಗೆ ಆಡಬೇಕು ಅಂತ ನನಗೆ ಗೊತ್ತಿಲ್ಲದೆ ಇಲ್ಲ. ಎಲೆ ಇಲ್ಲದೆ ಹೆದರಿಸೋ ಬ್ಲಫ್ ಮಾಡಬಾರದು. ಒಳ್ಳೆ ಎಲೆ ಬರುವ ತನಕ ಕಾಯಬೇಕು. ಬಂದ ಮೇಲೆ ಅವರೇ ದುಡ್ಡು ಸುರಿಯಲಿ ಅಂತ ಬಿಡಬೇಕು. ಓದೋಕೆ ಎಷ್ಟು ಸಲೀಸು! ಜೋಡಿ ಎಕ್ಕ ಸರಾಸರಿ 221 ಆಟಕ್ಕೆ ಒಂದು ಸಲ ಬರುತ್ತೆ. ಗಂಟೆಗೆ 25-30 ಆಟ ಹಂಚಿದರೂ ಎಂಟು ಗಂಟೆ ಕಾಯಬೇಕು. ಅಷ್ಟರಲ್ಲಿ ಅವರು ಅರವತ್ತು ಸಲ ನೋಡೇಬಿಟ್ಟಿರುತ್ತಾರೆ.

ಎದುರಿನವರ ಕೈಯನ್ನು ಊಹಿಸು ಅನ್ನೋದು ಇನ್ನೊಂದು ಉಪದೇಶ. ಕಟ್ಟಿನಿಂದ ಎರಡೆಲೆ 1326 ಥರ ಬರಬಹುದು. ನನ್ನ ಎರಡನ್ನು ಬದಿಗಿಟ್ಟರೆ 1225. ಶಿಸ್ತಿನ ಆಟಗಾರ ದೊಡ್ಡದಾಗಿ ಏರಿಸಿದರೆ ಅದರಲ್ಲಿ ಮುಕ್ಕಾಲು ಪಾಲನ್ನು ಅಳಿಸಿ ಹಾಕಬಹುದು. ನೋಡೇಬಿಡೋಣ ಏರಿಸಿದರೆ 1225ಕ್ಕೆ 1225 ಥರವೂ ಹಾಗೇ ಉಳಿಯುತ್ತೆ. ಅವರ ಕೈಯಲ್ಲಿ ಇಲ್ಲ ಅಂತ ನಾನು ಆಣೆ ಮಾಡಿ ಹೇಳಬಲ್ಲ ಎಲೆಗಳು ಎರಡೇ. ಅವು ನನ್ನ ಕೈಯಲ್ಲಿರೋವು.

ಉಳಿದದ್ದು ಕುರ್ಚಿ. ಆಟ ಎಡಕ್ಕೆ ಸಾಗುತ್ತೆ ಅಲ್ವಾ? ಅವರ ಎಡಗಡೆ ಕೂತರೆ ಅವರು ಏನು ಮಾಡಿದರು ಅಂತ ನೋಡಿ ನಾವು ಆಡಬಹುದು. ಬಲಗಡೆ ಕೂತರೆ ಬೆನ್ನಿಗೆ ಬಾಂಬ್ ಕಟ್ಟಿಕೊಂಡ ಹಾಗೆ. ಅದಕ್ಕೇ ನಿನ್ನೆ ಅರ್ಧ ಗಂಟೆ ಮುಂಚೆ ಹೋದೆ. ನೋಡಿದರೆ ಉಳಿದ ನಾಲ್ಕೂ ಜನ ಆಗಲೇ ಬಂದಿದ್ದಾರೆ, ಒಬ್ಬರೂ ಕೂತಿಲ್ಲ! ಒಬ್ಬರು ಗೋಡೆ ನೋಡುತ್ತಿದ್ದಾರೆ. ಒಬ್ಬರು ಬೆನ್ನು ನೋವು ಅಂತ ನಿಂತಿದ್ದಾರೆ. ಇನ್ನಿಬ್ಬರು ಫೋನ್ ಹಿಡಿದು ಮೇಜಿನ ಸುತ್ತ ಪ್ರದಕ್ಷಿಣೆ. ನಾನೂ ಏನೂ ತಿಳಿಯದವನ ಹಾಗೆ ಪ್ರದಕ್ಷಿಣೆಗೆ ಸೇರಿದೆ. ಕೊನೆಗೆ ಅವರು ಬಂದರು. "ಯಾಕ್ರೀ ಎಲ್ರೂ ನಿಂತಿದೀರಿ?" ಅನ್ನುತ್ತಾ ಒಂದು ಕುರ್ಚಿ ಎಳೆದು ಕೂತರು. ಅವರ ಎಡಗಡೆ ಕುರ್ಚಿಯ ಮೇಲೆ ಮೂರು ಜನ ಒಟ್ಟಿಗೆ ಬಿದ್ದೆವು. ನಾನು ಗೆದ್ದೆ, ಮೊಣಕೈ ತರಚಿತು. ಉಳಿದವರು ಮುಖ ಊದಿಸಿಕೊಂಡು ಸಿಕ್ಕ ಕಡೆ ಕೂತರು. ಆಗ ಅವರು ಎದ್ದರು. "ಇಲ್ಲಿ ಲೈಟು ಕಣ್ಣಿಗೆ ಹೊಡೆಯುತ್ತೆ" ಅಂತ ನನ್ನ ಆ ಕಡೆ ಖಾಲಿ ಇದ್ದ ಕುರ್ಚಿಗೆ ಹೋದರು. ಅಂದರೆ ನನ್ನ ಎಡಕ್ಕೆ.

ಹತ್ತೂವರೆ ಹೊತ್ತಿಗೆ ಎಕ್ಕ ಬಂತು. ಮೊದಲು ಇಸ್ಪೀಟ್ ಎಕ್ಕ, ಹಿಂದೆಯೇ ಆಟೀನ್ ಎಕ್ಕ. ಮುಖವನ್ನು ಆದಷ್ಟು ಪೆದ್ದಾಗಿ ಇಟ್ಟುಕೊಂಡು ಆರು ಚಿಪ್ ಹಾಕಿದೆ. ನೋಡೇಬಿಡೋಣ ಒಂದೆಲೆ ಇಣುಕಿ ಇಪ್ಪತ್ತು ತಳ್ಳಿದರು. ಮಿಕ್ಕವರೆಲ್ಲ ಮಡಚಿದರು. ನಾನು ಐವತ್ತು ಮಾಡಿದೆ. "ನೋಡೇಬಿಡೋಣ." ಫ್ಲಾಪ್‌ನಲ್ಲಿ (ಎಲ್ಲರಿಗೂ ಸೇರಿದ್ದು ಅಂತ ಮೇಜಿನ ಮೇಲೆ ಬಿಡಿಸುವ ಐದೆಲೆಗಳಲ್ಲಿ ಮೊದಲ ಮೂರು) ರಾಜ, ಹತ್ತು, ನಾಲ್ಕು; ಮೂರು ಎಲೆಯೂ ಬೇರೆ ಬೇರೆ ಜಾತಿ. ನಾನು ಮೇಜು ತಟ್ಟಿ ಸುಮ್ನೆ ಇದ್ದೆ. ಅವರು ಉಳಿದದ್ದನ್ನೆಲ್ಲ ಎರಡೂ ಕೈಯಲ್ಲಿ ಬಾಚಿ ನಡುವಿಗೆ ತಳ್ಳಿದರು. ನಾನು ಅವರ ಮಾತು ಮುಗಿಯುವ ಮೊದಲೇ ಕಾಲ್ ಅಂದು ಅಷ್ಟೇ ಚಿಪ್ ಹಾಕಿದೆ. ಟರ್ನ್‌ನಲ್ಲಿ (ನಾಲ್ಕನೆಯದು) ಏಳು ಬಂತು. ರಿವರ್‌ನಲ್ಲಿ (ಕೊನೆಯದು) ಬಂದದ್ದು ಎರಡು. ಅದಕ್ಕಿಂತ ನಿರುಪದ್ರವಿ ಎಲೆ ಕಟ್ಟಿನಲ್ಲಿ ಇನ್ನೊಂದಿಲ್ಲ ಅಂದುಕೊಂಡೆ.

ಎಕ್ಕಗಳನ್ನು ಮೆಲ್ಲಗೆ ಬಿಡಿಸಿಟ್ಟೆ. ಅವರು ಹತ್ತು ತೋರಿಸಿದರು. "ಜೋಡಿ ಹತ್ತು ನನಗೆ. ಚೆನ್ನಾಗಿ ಆಡಿದ್ರಿ ರೀ" ಅಂದರು. ನಾನು ರಾಶಿಗೆ ಎರಡೂ ತೋಳು ಚಾಚಿ ಅರ್ಧ ಎಳೆದುಕೊಂಡಿದ್ದೆ.

"ಇರಿ ಇರಿ. ಇನ್ನೊಂದು ನೋಡೇ ಇಲ್ಲ."

ಕನ್ನಡಕ ಎತ್ತಿದರು. ಅದನ್ನು ಒರೆಸಿದರು. ಹಾಕಿಕೊಂಡರು. ಆಮೇಲೆ ಎಲೆ ತಿರುಗಿಸಿದರು. ಎರಡು.

ಅವರದು ಎರಡು ಜೋಡಿ, ನನ್ನದು ಒಂದೇ ಜೋಡಿ. ರಾಶಿಯನ್ನು ತೋಳಿಂದ ಬಿಡಿಸಿ ಅವರ ಕಡೆಗೆ ನಾನೇ ತಳ್ಳಬೇಕಾಯಿತು. ಅಷ್ಟರಲ್ಲಿ ಮೇಜಿನ ಪಂಡಿತರೊಬ್ಬರು ಶುರು ಮಾಡಿದರು: ಇದು ಸಾಮಾನ್ಯ ಕೈ ಅಲ್ಲ, ಅಮೆರಿಕದ ಪೋಕರ್ ಆಟಗಾರ ಡಾಯ್ಲ್ ಬ್ರನ್ಸನ್ 1976ರಲ್ಲೂ 1977ರಲ್ಲೂ ಪೋಕರ್ ವರ್ಲ್ಡ್ ಸೀರೀಸ್‌ನ ಕೊನೆಯ ಆಟ ಗೆದ್ದಿದ್ದು ಇದೇ ಹತ್ತು-ಎರಡರಲ್ಲಿ, ಆ ಕೈಗೆ ಅವರ ಹೆಸರೇ ಇದೆ, ಇತ್ಯಾದಿ. ನೋಡೇಬಿಡೋಣ ಚಿಪ್ ಜೋಡಿಸುತ್ತಾ, "ಹೌದಾ? ಯಾರವರು?" ಅಂದರು.

ರಾತ್ರಿ ನಿದ್ದೆ ಬಾರದೆ ಲೆಕ್ಕ ಹಾಕಿದೆ. ಆ ಮುಚ್ಚಿದ ಎಲೆ ನಾನು ಕಾಣದೇ ಉಳಿದ 44ರಲ್ಲಿ ಯಾವುದಾದರೂ ಆಗಬಹುದಿತ್ತು. ಅದರಲ್ಲಿ 14 ನನ್ನನ್ನು ಹೊಡೆಯುವಂಥವು. ನೂರಕ್ಕೆ 32. ತೋಳು ಚಾಚುವ ಮೊದಲು ಈ ಲೆಕ್ಕ ಹಾಕಬೇಕಿತ್ತು.

ಹೋದ ತಿಂಗಳು ಒಂದು ವಾರ ಅವರು ಬಂದಿರಲಿಲ್ಲ. ಅವತ್ತು ನಾವು ಐದೂ ಜನ ಕಲಿತವರೇ ಇದ್ದೆವು. ಒಬ್ಬ ಏರಿಸಿದರೆ ನಾಲ್ವರು ಮಡಚುವುದು. ಮೂರು ಚಿಪ್ಪಿನ ರಾಶಿ ಈ ಕಡೆಯಿಂದ ಆ ಕಡೆಗೆ ಓಡಾಡಿಕೊಂಡಿತ್ತು. ಯಾರೂ ನಗಲಿಲ್ಲ, ಯಾರೂ ಕೂಗಲಿಲ್ಲ. ಒಂಬತ್ತಕ್ಕೇ ಒಬ್ಬರು ಆಕಳಿಸಿದರು. ಖಾಲಿ ಕುರ್ಚಿಯ ಕಡೆ ಎಲ್ಲರೂ ಒಂದೊಂದು ಸಲ ನೋಡಿದ್ದನ್ನು ನಾನು ನೋಡಿದೆ. ಬೇಗ ಎದ್ದೆವು.

ನಿನ್ನೆ ಹೊರಡುವಾಗ ಬಾಗಿಲ ಹತ್ತಿರ ಅವರು ನನ್ನ ಹೆಗಲ ಮೇಲೆ ಕೈ ಹಾಕಿದರು. ದೊಡ್ಡವರು ಚಿಕ್ಕವರಿಗೆ ಬುದ್ಧಿ ಹೇಳುವ ದನಿ. "ಬೇಜಾರು ಮಾಡ್ಕೋಬೇಡಿ. ಆದ್ರೆ ಒಂದು ಮಾತು ಹೇಳ್ಲಾ? ಆ ಎಕ್ಕಗಳನ್ನ ಅಷ್ಟು ನಂಬಬೇಡಿ ರೀ."